ಅಪ್‌ಡೇಟ್: ಸೈಕಲ್ ಫ್ರೇಮ್ ಒಳಗಿನ ಗೇರ್ ಕೇಬಲ್ ಕೊನೆಗೂ ದಾಟಿತು

ನನ್ನ ಸೈಕಲ್‌ನ ಹಿಂದಿನ ಗೇರಿಗೆ ಹೊಸ ಕೇಬಲ್ ತೂರಿಸುವಾಗ ಅದು ಡೌನ್ ಟ್ಯೂಬ್‌ನಲ್ಲಿ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯೋ ಫ್ರೇಮ್ ಕೊಳವೆ) ಇಳಿದು ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರೋ ಜಾಗ) ಹತ್ತಿರ ಸಿಕ್ಕಿಕೊಳ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಸರಿಯಾಗಿದೆ.

ಫಲ ಕೊಟ್ಟಿದ್ದು ವ್ಯಾಕ್ಯೂಮ್ ಕ್ಲೀನರ್ ಮತ್ತು ಹೊಲಿಗೆ ನೂಲಿನ ಸಲಹೆ, ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ನೂಲಿನ ತುದಿಗೆ ಉಗುರಿನಷ್ಟು ಪ್ಲಾಸ್ಟಿಕ್ ಚೂರು ಕಟ್ಟಿ ಮೇಲಿನ ರಂಧ್ರಕ್ಕೆ ಬಿಡಿ, ಕೆಳಗಿನ ರಂಧ್ರಕ್ಕೆ ವ್ಯಾಕ್ಯೂಮ್ ಕ್ಲೀನರಿನ ಪೈಪ್ ಹಿಡಿಯಿರಿ. ನೀರಿನ ಬಾಟಲ್ ಇಡೋ ಕೇಜಿನ ಬೋಲ್ಟ್ ತೂತು ಸೇರಿ ಉಳಿದ ತೂತುಗಳನ್ನೆಲ್ಲ ಟೇಪಿನಿಂದ ಮುಚ್ಚಲೇಬೇಕು. ಇಲ್ಲದಿದ್ದರೆ ಗಾಳಿ ಅಲ್ಲಿಂದ ನುಗ್ಗುತ್ತೆ, ನೂಲು ಕದಲೋದೇ ಇಲ್ಲ. ನೂಲು ಹೊರಬಂದ ಮೇಲೆ ಅದಕ್ಕೆ ತೆಳು ಲೈನರ್ (ಕೇಬಲ್ ಒಳಗೆ ಹೋಗೋ ಸಣ್ಣ ಪ್ಲಾಸ್ಟಿಕ್ ಕೊಳವೆ) ಕಟ್ಟಿ ಎಳೆದು, ಅದರೊಳಗೆ 1.2 ಮಿ.ಮೀ. ಕೇಬಲ್ ತಳ್ಳಿದರೆ ಸಲೀಸಾಗಿ ಹೋಗುತ್ತೆ. ಆಮೇಲೆ ಲೈನರ್ ತೆಗೆಯಿರಿ.

ಆಯಸ್ಕಾಂತದಿಂದ ಕೇಬಲ್ ಎಳೆಯೋ ಉಪಾಯ ಕೈಕೊಟ್ಟಿತು. ಸ್ಟೇನ್‌ಲೆಸ್ ಕೇಬಲನ್ನು ಅದು ಹಿಡಿಯೋದೇ ಸ್ವಲ್ಪ, ಬೆಸುಗೆಯ ಹತ್ತಿರ ಟ್ಯೂಬ್ ದಪ್ಪ ಇರೋದರಿಂದ ಅಲ್ಲೇ ಬಿಟ್ಟುಬಿಡುತ್ತೆ. ಕೇಬಲ್ ತುದಿ ಬಗ್ಗಿಸಿ ತಿರುಗಿಸೋದರಿಂದ ಅದರ ಎಳೆಗಳು ಬಿಚ್ಚಿಕೊಂಡವು ಅಷ್ಟೇ.

ಹೊಸದಾಗಿ ತಿಳಿದದ್ದು: ಹಳೇ ಕೇಬಲ್ ಒಳಗಿರುವಾಗಲೇ ಡೀರೇಲರ್ (ಹಿಂದಿನ ಚಕ್ರದ ಹತ್ತಿರ ಚೈನ್ ಸರಿಸೋ ಭಾಗ) ಕಡೆಯ ತುದಿಯಿಂದ ಲೈನರ್ ಪೂರ್ತಿ ತೂರಿಸಿ, ನಂತರ ಕೇಬಲನ್ನು ಶಿಫ್ಟರ್ (ಹ್ಯಾಂಡಲ್‌ನ ಗೇರ್ ಲಿವರ್) ಕಡೆಯಿಂದ ಎಳೆದರೆ ದಾರಿ ಹಾಗೇ ಉಳಿಯುತ್ತೆ, ಈ ಹರಸಾಹಸವೇ ಬೇಡ. ಬಾಟಮ್ ಬ್ರಾಕೆಟ್ ಕೆಳಗಿನ ನೀರಿಳಿಯೋ ಸಣ್ಣ ತೂತನ್ನೂ ನೋಡಿ, ನನ್ನದರಲ್ಲಿ ಮಣ್ಣು ಗಟ್ಟಿಯಾಗಿತ್ತು. ಮಂಗಳೂರಿನ ಮಳೆಗೆ, ಉಪ್ಪು ಗಾಳಿಗೆ ಅದು ಕಟ್ಟಿದರೆ ಕೇಬಲ್ ನೀರಲ್ಲೇ ನೆನೆಯುತ್ತೆ. ಟೇಪ್ ತೆಗೆಯುವಾಗ ಆ ತೂತಿನದ್ದು ಮರೀಬೇಡಿ.