ಬೋಟಿನ ತಳದ ಕಪ್ಪು ರಾಡಿ: ಹೇಗೆ ತೆಗೀತೀರಿ?

ಕೇಳಿದವರು, ಕಾರವಾರ:
ನಮ್ಮದು ಸಣ್ಣ ಟ್ರಾಲ್ ಬೋಟು, ಮರದ್ದು, ಡೀಸೆಲ್ ಇಂಜಿನ್. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮಳೆಗಾಲದ ಮೀನುಗಾರಿಕೆ ಬಂದ್, ಬೋಟು ಹೇಗೂ ಬೈತಖೋಲ ಬಂದರಲ್ಲಿ ಕಟ್ಟೇ ಇರತ್ತೆ. ಈ ಸಲ ಇಂಜಿನ್ ಅಡಿ, ಬಿಲ್ಜು (ನೀರು ನಿಲ್ಲುವ ತಳದ ಜಾಗ) ಎಲ್ಲ ಪೂರ್ತಿ ತೊಳಿಯೂದು ಅಂತ. ಹಳೇ ಆಯಿಲ್, ಗ್ರೀಸು, ಮೀನಿನ ನೀರು ಸೇರಿ ಗಬ್ಬು ನಾತ. ಸೋಪಿನ ಪುಡಿ ಹಾಕಿ ಪಂಪ್ ಬಿಟ್ರೆ ಆಯ್ತು ಅಂತಾರೆ ಬೋಟಿನ ಕೆಲಸದ ಕಲಾಸಿಗಳು. ಮಾಡಿದವರು ಹೇಳಿ.

ತದಡಿಯ ಇಂಜಿನ್ ಮೆಕ್ಯಾನಿಕ್:
ಮೊದಲೇ ಸೋಪು ಬೇಡ ಮಾರಾಯ್ರೆ. ಸೋಪು ಬಿತ್ತು ಅಂದ್ರೆ ಮೇಲೆ ತೇಲ್ತಿದ್ದ ಆಯಿಲ್ ನೀರಲ್ಲಿ ಬೆರೆತು ಬೆಳ್ಳಗಾಗತ್ತೆ, ಆಮೇಲೆ ಬೇರೆ ಮಾಡ್ಲಿಕ್ಕೆ ಬರೂದಿಲ್ಲ. ಪಂಪಿನ ಆಟೋ ಸ್ವಿಚ್ ಬಂದ್ ಮಾಡಿ, ನೀರನ್ನ ಅಲ್ಲಾಡಿಸದೆ ಬಿಡಿ. ಆಯಿಲ್ ಮೇಲೆ ನಿಂತಾಗ ಮಗ್ಗಲ್ಲಿ ತೋಡಿ ಡಬ್ಬಕ್ಕೆ ಹಾಕಿ. ಉಳಿದ ಪದರಕ್ಕೆ ಆಯಿಲ್ ಮಾತ್ರ ಹೀರುವ ಪಾಲಿಪ್ರೊಪಿಲೀನ್ ಹಾಳೆ ಬರತ್ತೆ. ಮರದ ಹುಡಿ ಅಗ್ಗ, ಆದ್ರೆ ಅದು ನೀರನ್ನೂ ಕುಡಿಯತ್ತೆ. ನೀರು ಖಾಲಿಯಾದ ಮೇಲೆ ಅಂಟಿದ ರಾಡಿಗೆ ಆ ಹುಡಿ ಉದುರಿಸಿ, ಕೆರೆದು, ಪೂರ್ತಿ ಬಳಿದು ತೆಗೀರಿ. ಉಳಿದ್ರೆ ಪಂಪಿನ ಜಾಳಿಗೆ ಕಟ್ಟತ್ತೆ.

ಗ್ರೀಸು ಬಿಡಿಸುವ ಡಿಗ್ರೀಸರ್, ಬ್ರಶ್ಶು ಇದಾದ ಮೇಲೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆಲ್ಟರ್ನೇಟರ್, ಸ್ಟಾರ್ಟರ್, ಗಾಳಿ ಎಳೆಯುವ ಬಾಯಿ, ಮೂರಕ್ಕೂ ಪ್ಲಾಸ್ಟಿಕ್ ಕಟ್ಟಿ. ಪ್ರೆಶರ್ ವಾಶರ್ ತಂದು ಇಂಜಿನ್ ಮೇಲೆ ಬಿಡೂದು ನೋಡ್ಲಿಕ್ಕೆ ಚಂದ, ವೈರಿಂಗ್ ಒಳಗೆ ನೀರು ಹೋದ್ರೆ ಮಾತ್ರ ಆಗಸ್ಟಲ್ಲಿ ನನ್ನನ್ನೇ ಕರೀತೀರಿ. ಸಂಜೆ ಕೆಲಸ ನಿಲ್ಲಿಸುವಾಗ ಬ್ಯಾಟರಿ ಹಾಕಿ, ಪಂಪ್ ಆನ್ ಮಾಡಿಯೇ ಇಳೀರಿ. ಜೂನಿನ ಮಳೆ ನಿಮ್ಮನ್ನ ಕೇಳಿ ಬರೂದಿಲ್ಲ.

ಕೇಳಿದವರು, ಕಾರವಾರ:
ಗ್ರೀಸಿಗೆ ಕಾಸ್ಟಿಕ್ ಸೋಡಾ ಆಗತ್ತಾ? ಮನೇಲೇ ಇದೆ.

ತದಡಿಯ ಇಂಜಿನ್ ಮೆಕ್ಯಾನಿಕ್:
ಬೇಡ. ಅಲ್ಯೂಮಿನಿಯಂ ಭಾಗ ಇದ್ರೆ ಅದನ್ನ ತಿಂದು ಹೈಡ್ರೋಜನ್ ಬಿಡತ್ತೆ, ಮುಚ್ಚಿದ ಕೋಣೇಲಿ ಅದು ಬೆಂಕಿಗೆ ದಾರಿ. ಮರವನ್ನೂ ಮೆತ್ತಗೆ ಮಾಡತ್ತೆ. ನಾತಕ್ಕೆ ಅಂತ ಬ್ಲೀಚಿಂಗ್ ಪುಡಿ ಹಾಕಿ, ಮೇಲಿಂದ ಆಸಿಡ್ ಸುರಿಯೂದಂತೂ ಬೇಡವೇ ಬೇಡ, ಕ್ಲೋರಿನ್ ಗಾಳಿ ಏಳತ್ತೆ.

ಹೊನ್ನಾವರದ ತಾಂಡೇಲರು (ಬೋಟು ನಡೆಸುವವರು):
ತಮ್ಮಾ, ನಾತದ ಸುದ್ದಿ ಬಂತಲ್ಲ, ಅದನ್ನ ಹಗುರ ಮಾಡ್ಬೇಡ. ಮೀನಿನ ನೀರು ಕೊಳೆತಲ್ಲಿ ಹೈಡ್ರೋಜನ್ ಸಲ್ಫೈಡ್ ಕೂತಿರತ್ತೆ. ಮೊದಲು ಕೊಳೆತ ಮೊಟ್ಟೆ ವಾಸನೆ, ಜಾಸ್ತಿಯಾದ್ರೆ ಮೂಗೇ ಸತ್ತುಹೋಗಿ ವಾಸನೆ ನಿಂತಂಗೆ ಅನ್ನಿಸತ್ತೆ. ನಿಂತದ್ದಲ್ಲ ಅದು. ರಾಡಿ ಕಲಕಿದ ಕೂಡ್ಲೆ ಮತ್ತೂ ಏಳತ್ತೆ. ಹಿಂದಿನ ದಿನವೇ ಮುಚ್ಚಳ ತೆಗೆದಿಡು, ಹೊರಗಿನ ಗಾಳಿಯನ್ನ ಬ್ಲೋವರಿನಿಂದ ತಳಕ್ಕೆ ಬಿಡು, ಮೇಲೆ ಒಬ್ಬ ನಿಂತಿರಲಿ. ಒಳಗಿದ್ದವ ಬಿದ್ರೆ ಮೇಲಿನವ ಹಾರಿ ಇಳೀಬಾರದು. ಮೀನಿನ ಬೋಟುಗಳಲ್ಲಿ ಎರಡನೇ ಹೆಣ, ಮೂರನೇ ಹೆಣ ಬೀಳೂದು ಹಾಗೇ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿದ್ರೆ ಮೇಲಿಂದಲೇ ಎಳೀಬಹುದು.

ಭಟ್ಕಳದ ಬೋಟಿನವರು:
ತೊಳೆದು ಒಣಗಿದ ಮೇಲೆ ನಾವು ಬಿಳಿ ಪೇಂಟ್ ಹೊಡಿತೇವೆ. ಇಂಜಿನ್ ಆಯಿಲ್ ಒಂದು ಹನಿ ಬಿದ್ರೂ ಎಲ್ಲಿಂದ ಬಂತು ಅಂತ ಗೊತ್ತಾಗತ್ತೆ. ಕಪ್ಪು ತಳದಲ್ಲಿ ಹತ್ತು ಸೋರಿಕೆ ಇದ್ರೂ ಒಂದೂ ಕಾಣ್ತಿರಲಿಲ್ಲ. ನನ್ನ ಕೇಳಿದ್ರೆ ತೊಳಿಯೂದೇ ಇದಕ್ಕೆ, ಚಂದಕ್ಕಲ್ಲ. ಶಾಫ್ಟಿನ ಗ್ಲಾಂಡ್ (ಫ್ಯಾನಿನ ಶಾಫ್ಟ್ ಬೋಟಿನಿಂದ ಹೊರಗೆ ಹೋಗುವಲ್ಲಿ ನೀರು ತಡೆಯುವ ಭಾಗ) ನೋಡಿ: ತಿರುಗುವಾಗ ಹನಿ ಹನಿ ಬರೂದು ಬೇಕು, ಪ್ಯಾಕಿಂಗ್ ತಂಪಾಗಿರಲಿಕ್ಕೆ. ನಿಂತ ಮೇಲೂ ಸುರೀತಾ ಇದ್ರೆ ನಟ್ ಸ್ವಲ್ಪವೇ ಬಿಗಿ ಮಾಡಿ, ಆಗ್ಲಿಲ್ಲ ಅಂದ್ರೆ ಪ್ಯಾಕಿಂಗ್ ಬದಲಿಸಿ.

ಅಘನಾಶಿನಿ ದಂಡೆಯಿಂದ:
ತೋಡಿದ ಆಯಿಲ್ ದಯವಿಟ್ಟು ಹೊಳೆಗೆ ಬೇಡ. ಬಳಚು (ಚಿಪ್ಪಿನ ಮೀನು) ಹೆಕ್ಕಿ ಬದುಕುವ ಮನೆಗಳು ಇಲ್ಲಿವೆ. ಡಬ್ಬದಲ್ಲಿ ತುಂಬಿ, ಹಳೇ ಆಯಿಲ್ ತಗೊಳ್ಳುವ ಲೈಸೆನ್ಸ್ ಇದ್ದವರಿಗೆ ಕೊಡಿ.

ಕೇಳಿದವರು, ಕಾರವಾರ:
ಎಲ್ಲರಿಗೂ ಉಪಕಾರ ಆಯ್ತು. ಇನ್ನೊಂದೇ. ಬೋಟಿನ ತಳದ ಅಡ್ಡಪಟ್ಟಿ ಕೆಳಗೆ ನೀರು ಹರಿಯುವ ತೂತುಗಳು ಪದೇ ಪದೇ ಕಟ್ಟಿ, ನೀರು ಪಂಪಿನ ಹತ್ರ ಬರೂದೇ ಇಲ್ಲ. ಏನ್ ಮಾಡೂದು?

ಹೊನ್ನಾವರದ ತಾಂಡೇಲರು:
ಎಲ್ಲ ತೂತಲ್ಲೂ ಹಾಯಿಸಿ ಒಂದು ನೈಲಾನ್ ಹಗ್ಗ ಬಿಟ್ಟಿಡು, ಎರಡೂ ತುದಿ ಕೈಗೆ ಸಿಗೂ ಹಾಗೆ. ಆಗಾಗ ಆಚೆ ಈಚೆ ಎಳಿ, ಕಸ ಬಿಟ್ಟುಕೊಳ್ಳತ್ತೆ.