ಅಪ್‌ಡೇಟ್: ಮಳೆಗಾಲಕ್ಕೆ ಎತ್ತಿಟ್ಟ ಔಟ್‌ಬೋರ್ಡ್ ಎಂಜಿನ್

ಮಲ್ಪೆಯಲ್ಲಿರುವ ನಮ್ಮ ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸಿದ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಮಳೆಗಾಲವಿಡೀ ಪೆಟ್ರೋಲ್ ಹಾಗೆಯೇ ಬಿಡಬಹುದೇ ಎಂದು ಕೇಳಿದ್ದೆ; ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಇರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಂಡು, ಅದು ಮಿತಿಮೀರಿದಾಗ ನೀರಿನೊಂದಿಗೆ ಟ್ಯಾಂಕಿನ ತಳಕ್ಕಿಳಿಯುತ್ತದೆ ಎಂದು ನೀವು ವಿವರಿಸಿದ್ದರಿಂದ, ಟ್ಯಾಂಕನ್ನು ಪೂರ್ತಿ ಬರಿದು ಮಾಡಿದೆವು. ಬಳಿಕ ಎಂಜಿನ್ನಿಗೆ ಸಿಹಿನೀರು ಹಾಯಿಸುತ್ತಲೇ ಪೆಟ್ರೋಲ್ ಪೈಪ್ ಕಳಚಿ, ಅದು ತಾನಾಗಿ ನಿಲ್ಲುವವರೆಗೆ ಓಡಿಸಿದೆವು. ಆದರೂ ಕಾರ್ಬ್ಯುರೇಟರ್ ಬೌಲಿನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗದ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ) ಡ್ರೈನ್ ಸ್ಕ್ರೂ ಸಡಿಲಿಸಿದಾಗ ಹಳದಿ ಪೆಟ್ರೋಲ್ ಹನಿಹನಿಯಾಗಿ ಇಳಿಯಿತು. ಒಣಗಿ ಅಂಟಾಗಿ ಜೆಟ್‌ನ (ಪೆಟ್ರೋಲ್ ಹಾಯುವ ನಳಿಕೆಯ) ಸಣ್ಣ ರಂಧ್ರವನ್ನು ಮುಚ್ಚುವುದು ಈ ಉಳಿಕೆಯೇ ಆದುದರಿಂದ, ಎಂಜಿನ್ ನಿಂತಿತೆಂದು ಬೌಲ್ ಬರಿದು ಮಾಡುವ ಕೆಲಸವನ್ನು ಯಾರೂ ಬಿಡಬಾರದೆಂದು ಕಳಕಳಿಯಿಂದ ವಿನಂತಿಸುತ್ತೇನೆ. ಫಿಲ್ಟರನ್ನೂ ಬದಲಿಸಿದ್ದೆವು. ಆಗಸ್ಟ್‌ನಲ್ಲಿ ಹೊಸ ಪೆಟ್ರೋಲ್ ತುಂಬಿ, ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪ್‌ನಲ್ಲಿರುವ ರಬ್ಬರ್ ಕೈಪಂಪ್) ಗಟ್ಟಿಯಾಗುವವರೆಗೆ ಒತ್ತಿ ಹಗ್ಗ ಎಳೆದಾಗ ಎಂಜಿನ್ ತಡವಿಲ್ಲದೆ ಚಾಲೂ ಆಯಿತು.