ಅಪ್‌ಡೇಟ್: ಅಪ್ಪ ತಗೊಂಡ ಪಿಂಚಣಿ ಮಕ್ಕಳ ತಲೆಗೆ ಬರುತ್ತಾ ಅಂತ ಕೇಳಿದ್ದೆನಲ್ಲ

ನಮ್ಮಪ್ಪ ಆದಾಯ ಕಮ್ಮಿ ತೋರಿಸಿ ಬಡ ವೃದ್ಧರಿಗೆ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿ ತಗೊಳ್ತಿದ್ದರು, ಅವರು ತೀರಿಕೊಂಡ ಮೇಲೆ ಎಲ್ಲ ವಾಪಸ್ ಕಟ್ಟಿ ಅಂತ ನನ್ನ ಹೆಸರಿಗೆ ನೋಟಿಸ್ ಬಂದಿದೆ, ನನ್ನ ಮೇಲೂ ಕೇಸ್ ಆಗುತ್ತಾ ಅಂತ ಕೇಳಿದ್ದೆ. ಮೊನ್ನೆ ವಕೀಲರನ್ನು ನೋಡಿ ಬಂದೆ.

ಜೈಲಿನ ಮಾತೇ ಇಲ್ಲ. ಸುಳ್ಳು ಹೇಳಿದ್ದು ಅಪ್ಪ, ಆ ತಪ್ಪು ಅವರ ಜೊತೆಗೇ ಹೋಯಿತು. ಸುಳ್ಳು ದಾಖಲೆ ನಾನೇ ಮಾಡಿಸಿಕೊಟ್ಟಿದ್ದರೆ ಕಥೆ ಬೇರೆ ಇತ್ತು. ದುಡ್ಡಿನ ವಿಷಯ ಮಾತ್ರ ಅಷ್ಟು ಸಲೀಸಲ್ಲ. ಸರ್ಕಾರದವರು ಕೋರ್ಟಿಗೆ ಹೋಗಿ ಡಿಕ್ರಿ, ಅಂದರೆ ದುಡ್ಡು ಕಟ್ಟಬೇಕು ಅನ್ನೋ ಆದೇಶ ತಂದರೂ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಂ ಪ್ರಕಾರ ಅಪ್ಪನಿಂದ ನನ್ನ ಕೈಗೆ ಬಂದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೇ ನಾನು ಹೊಣೆ, ನನ್ನ ಸಂಬಳಕ್ಕೆ ಕೈ ಹಾಕುವಂತಿಲ್ಲ. ಹಾಗಂತ ಆ ಆಸ್ತಿ ಮಾರಿಕೊಂಡು ಲೆಕ್ಕ ಕೊಡದೆ ಕೂತರೆ ಸ್ವಂತದ್ದಕ್ಕೂ ಬರುತ್ತೆ.

ನಾವು ಸಿಕ್ಕಿಬಿದ್ದಿದ್ದು ಇನ್ನೊಂದು ಕಡೆ. ಟ್ರಂಕಿನಲ್ಲಿ ಅಪ್ಪನ ಪಾಸ್‌ಬುಕ್ ಸಿಕ್ಕಿತು, ಮೂಲೆಯಲ್ಲಿ ಎಲೆ ಅಡಿಕೆ ಕಲೆ. ಎಂಟ್ರಿ ಮಾಡಿಸಿ ನೋಡಿದರೆ ಅವರು ಹೋದ ಮೇಲೂ ಎರಡು ತಿಂಗಳು 1,200 ರೂಪಾಯಿ ಬಂದಿದೆ, ಎರಡನ್ನೂ ಎಟಿಎಂನಲ್ಲಿ ಯಾರೋ ತೆಗೆದಿದ್ದಾರೆ. ತಮ್ಮನನ್ನು ಕೇಳಿದರೆ "ತಿಥಿ ಖರ್ಚಿಗೆ ಬೇಕಿತ್ತಲ್ಲಣ್ಣ" ಅಂದ! ಇದು ಅಪ್ಪನ ತಲೆಗೆ ಕಟ್ಟೋಕಾಗಲ್ಲ, ನಮ್ಮದೇ ತಪ್ಪು ಅಲ್ವಾ. 2,400 ಕಟ್ಟಿ ರಸೀದಿ ತಗೊಂಡೆವು.

ಉಳಿದಿದ್ದಕ್ಕೆ ತಿಂಗಳುವಾರು ಲೆಕ್ಕ ಕೊಡಿ ಅಂತ ಸ್ಪೀಡ್ ಪೋಸ್ಟ್‌ನಲ್ಲಿ ಉತ್ತರ ಹಾಕಿದ್ದೇನೆ, ಇನ್ನೂ ಏನೂ ಬಂದಿಲ್ಲ.